ಎರಡು ಬೀಗದ ತೂಬು

ಚನ್ನಗಿರಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಶಿವಲೀಲಾ ಪಿಎಚ್‌ಡಿಗೆ ಆರಿಸಿಕೊಂಡ ವಿಷಯ ಕಾಲುವೆ ನೀರಿನ ಜಗಳ. “ಪುಸ್ತಕ ಬಿಟ್ಟು ಕೆಸರಿಗೆ ಇಳಿದ್ರಲ್ಲ” ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಪ್ರಬಂಧ ಮುಗಿದರೂ ಅವರು ಕೆಸರಿನಿಂದ ಮೇಲೆ ಬರಲಿಲ್ಲ. ರಜೆ ಬಂತೆಂದರೆ ನ್ಯಾಮತಿ, ಹೊನ್ನಾಳಿ ಕಡೆಯ ಬಸ್ಸು ಹತ್ತಿ, ಹೊಡೆದಾಡಿಕೊಂಡ ಊರುಗಳ ನಡುವೆ ರಾಜಿ ಮಾಡಿಸುತ್ತಿದ್ದರು.

ಅವರ ಹೆಸರು ಹಬ್ಬಿದ್ದು ಹೊನ್ನಾಳಿ ತಾಲ್ಲೂಕಿನ ಒಂದು ತೂಬಿನಿಂದ. ಅದನ್ನು ಮುಚ್ಚಿದರೆ ಕಾಲುವೆಯ ನೀರು ಕೆಳಗಿನ ಊರಿಗೆ ಹೋಗುತ್ತದೆ. ತೆರೆದರೆ ಮೇಲಿನ ಊರಿನ ಗದ್ದೆಗಳಿಗೇ ತಿರುಗುತ್ತದೆ. ಸರದಿಯ ವಿಚಾರಕ್ಕೆ ತಲೆಗಳು ಒಡೆದಿದ್ದವು. ಶಿವಲೀಲಾ ಅದಕ್ಕೆ ಎರಡು ಬೀಗ ಹಾಕಿಸಿ, ಒಂದರ ಕೀಲಿ ಮೇಲಿನವರಿಗೆ, ಇನ್ನೊಂದರದು ಕೆಳಗಿನವರಿಗೆ ಕೊಟ್ಟರು. ಎರಡೂ ಕಡೆಯವರು ಬಂದು ಎದುರುಬದುರು ನಿಂತರಷ್ಟೇ ತೂಬು ತೆರೆಯುವಂತಾಯಿತು. ಮೊದಮೊದಲು ಮುಖ ತಿರುಗಿಸಿ ನಿಂತವರು ಬರಬರುತ್ತ ಎಲೆಅಡಿಕೆ ಹಂಚಿಕೊಂಡರು.

ನಂಬಿಕೆ ಬೆಳೆದಂತೆ, ಪ್ರತಿ ಸಲ ಬಂದು ನಿಲ್ಲುವುದು ಬೇಸರವಾಯಿತು. ಶಿವಲೀಲಾ ನಿವೃತ್ತರಾಗಿ ಹೊನ್ನಾಳಿಯಲ್ಲಿ ಮನೆ ಮಾಡಿದಾಗ ಮೇಲಿನ ಊರಿನ ಮಹೇಶ್ವರಪ್ಪ ತಮ್ಮ ಕೀಲಿ ತಂದುಕೊಟ್ಟರು. “ನಿಮ್ ತಾವ ಇರ್ಲಿ ಬಿಡ್ರಿ ಮೇಡಮ್ಮಾರೆ. ದೇವ್ರ ತಾವ ಇದ್ದಂಗೆ.” ಕೆಳಗಿನ ಊರಿನ ಗಾದ್ರಮ್ಮನೂ ಕೊಟ್ಟರು. ಅಧಿಕಾರ ಒಬ್ಬರ ಕೈಯಲ್ಲಿ ಸೇರಬಾರದೆಂದು ವರ್ಷವರ್ಷವೂ ಪಾಠ ಹೇಳಿದ್ದ ಶಿವಲೀಲಾ, ಗೌರವವೆಂದು ಎರಡನ್ನೂ ಇಟ್ಟುಕೊಂಡರು.

ತೂಬಿಗೆ ಅವರನ್ನು ಬೈಕಿನಲ್ಲಿ ಕರೆದೊಯ್ಯುತ್ತಿದ್ದವನು ಹಳೆಯ ವಿದ್ಯಾರ್ಥಿ, ಮೇಲಿನ ಊರಿನ ಪರಶುರಾಮ್. ಕಳೆದ ಬೇಸಿಗೆಯಲ್ಲಿ ಜಗಳೂರಿನ ಶಾಂತಿ ಶಿಬಿರಕ್ಕೆ ಹೊರಟಾಗ ಶಿವಲೀಲಾ ಕೀಲಿಗಳನ್ನು ಅವನಿಗೆ ಕೊಟ್ಟು ಹೋದರು. ಅದು ಕೆಳಗಿನವರ ಸರದಿಯ ವಾರ. ಭತ್ತ ಹೊಡೆಯಲ್ಲಿತ್ತು, ತೆನೆ ಹೊರಬರುವ ಹೊತ್ತು. ಪರಶುರಾಮ್ ತೂಬು ತೆರೆದು ನೀರನ್ನೆಲ್ಲ ಮೇಲಿನ ಊರಿಗೆ ತಿರುಗಿಸಿದ. ಕಾಲುವೆ ಬತ್ತಿದರೂ ಕೆಳಗಿನವರು ತೂಬಿನ ಕಡೆ ನೋಡಲು ಹೋಗಲಿಲ್ಲ. ಕೀಲಿ ಮೇಡಂ ಬಳಿ ಇದೆ, ಮೇಲೆಲ್ಲೋ ಕಾಲುವೆ ಒಡೆದಿರಬೇಕು ಎಂದುಕೊಂಡರು. ತೆನೆ ಜೊಳ್ಳಾಯಿತು.

ಶಿಬಿರದಿಂದ ಬಂದ ಶಿವಲೀಲಾ, ತೂಬು ತೆರೆದಿದ್ದುದನ್ನು ತಿಳಿದು ಅವನನ್ನು ಕರೆಸಿದರು. “ಯಾಕೋ ಹಿಂಗ್ ಮಾಡ್ದೆ?”

“ಎಲೆಕ್ಷನ್‌ಗೆ ನಿಲ್ಲಾಕೆ ಹೊಂಟೀನಿ ಮೇಡಂ. ಓಟು ನಮ್ಮೂರಾಗೆ ಜಾಸ್ತಿ ಐತೆ. ಗೆಲ್ಲೋದು ಹೆಂಗೆ ಅಂತ ನಿಮ್ ಪಾಠದಾಗೆ ಇರ್ಲಿಲ್ಲವಲ್ಲ.” ಕೀಲಿಗಳನ್ನು ಮೇಜಿನ ಮೇಲಿಟ್ಟು, ಎಂದಿನಂತೆ ಕಾಲು ಮುಟ್ಟಿ ನಮಸ್ಕರಿಸಿ ಹೋದ.

ಮಹೇಶ್ವರಪ್ಪ ಫೋನಿನಲ್ಲಿ ಸಣ್ಣ ದನಿಯಲ್ಲಿ ಹೇಳಿದರು: “ಬಂದ ನೀರ್ನ ಬ್ಯಾಡ ಅನ್ನಾಕೆ ಆಗ್ತೈತೇನ್ರಿ?”

ಮರುದಿನ ಶಿವಲೀಲಾ ಗಾದ್ರಮ್ಮನ ಮನೆಗೆ ಹೋದರು. ಗಾದ್ರಮ್ಮ ಚಾಪೆ ಹಾಸಿ ಕಾಫಿ ಕೊಟ್ಟರು. ಜೊಳ್ಳಾದ ಭತ್ತದ ಮಾತೇ ಎತ್ತಲಿಲ್ಲ. ಕೊನೆಗೆ ಶಿವಲೀಲಾ ಅವರೇ ಕೆಳಗಿನ ಊರಿನ ಕೀಲಿಯನ್ನು ಚಾಪೆಯ ಮೇಲಿಟ್ಟರು.

“ಪರಶುರಾಮ್ ನನಗೂ ಮೋಸ ಮಾಡಿದ ಗಾದ್ರಮ್ಮ.”

“ಇರಬೋದು. ಆದ್ರೆ ಅವನಿಗೆ ನಾವು ಕೊಟ್ಟಿರ್ಲಿಲ್ಲವಲ್ಲ ಮೇಡಮ್ಮಾರೆ. ನಿಮಗೆ ಕೊಟ್ಟಿದ್ವಿ.”

ಗಾದ್ರಮ್ಮ ಕೀಲಿ ತೆಗೆದುಕೊಂಡು ಒಳಗೆ ಹೋದರು.