ಶಿವನಂಜಪ್ಪನವರು ಕೇಳಿದ ಕ್ಯಾಸೆಟ್ಟು

ಬೇರೆಯವರ ಮನೆಯ ಕ್ಯಾಸೆಟ್ಟು ಹಾಕುವ ಮುಂಚೆ ಶಿವನಂಜಪ್ಪನವರು ಎದ್ದು ಹೋಗಿ ಅಂಗಿ ತೊಟ್ಟುಕೊಂಡು ಬರುತ್ತಿದ್ದರು. ಏಪ್ರಿಲ್ ತಿಂಗಳ ಸೆಕೆಯಲ್ಲೂ ಅಷ್ಟೆ. ಅಲ್ಲಿಯವರೆಗೆ ಬನಿಯನ್, ಪಂಚೆಯಲ್ಲಿ ಕೂತಿದ್ದ ಮನುಷ್ಯ ಗೂಟದಿಂದ ಬಿಳಿ ಅಂಗಿ ತೆಗೆದು, ಕತ್ತಿನವರೆಗೂ ಗುಂಡಿ ಹಾಕಿ, ಹಣೆಯ ವಿಭೂತಿ ನೆಟ್ಟಗಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಂಡು, ಆಮೇಲೆ ಕೂತು ಪ್ಲೇಯರ್ ಒತ್ತುವುದು. ಮೊದಲ ಸಲ ನೋಡಿದಾಗ ನಾನು ತಬ್ಬಿಬ್ಬಾದೆ. ಯಾರಾದರೂ ಬರುವವರಿದ್ದಾರಾ ಎಂದು ಕೇಳಿದೆ.

"ಯಾರೂ ಬರಲ್ಲ ಕಣಮ್ಮ. ನಾನೇ ಓಯ್ತಾ ಇವ್ನಿ," ಅಂದರು. "ಇದ್ರೊಳಗೆ ಒಂದು ಸಂಸಾರ ಅದೆ. ಇನ್ನೊಬ್ರ ಮನೆಗೆ ಬನೀನಲ್ಲಿ ನುಗ್ಗೋಕಾಯ್ತದಾ?"

ಇಲವಾಲದ ಪಕ್ಕದ ಹಳ್ಳಿಯವರು. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಓಡಿಸಿ ನಿವೃತ್ತರಾಗಿ, ಅಲ್ಲೇ ಒಂದು ಚಿಕ್ಕ ಮನೆಯಲ್ಲಿದ್ದರು. ಆ ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ. ಮಾಡಿಕೊಡುತ್ತಿದ್ದರು. ಅಂಗೈಯಗಲದ ಒಂದು ಕ್ಯಾಸೆಟ್ ಪ್ಲೇಯರ್, ಅದರಿಂದ ಕಂಪ್ಯೂಟರಿಗೆ ಒಂದು ವೈರು, ಇಷ್ಟೇ ಸರಂಜಾಮು. ಇಲ್ಲಿ ಕ್ಯಾಸೆಟ್ಟು ಓಡಿದಂತೆ ಅಲ್ಲಿ ಪರದೆಯ ಮೇಲೆ ಹಸಿರು ಗೆರೆ ಕುಣಿಯುತ್ತಿತ್ತು. ಅರ್ಧ ಗಂಟೆಯ ಕ್ಯಾಸೆಟ್ಟಿಗೆ ಅರ್ಧ ಗಂಟೆಯೇ ಬೇಕು, ಬೇಗ ಓಡಿಸಿ ಮುಗಿಸುವ ಹಾಗಿಲ್ಲ. ಬೇರೆಯವರಾದರೆ ಹಾಕಿಟ್ಟು ಕಾಫಿಗೆ ಹೋಗುತ್ತಿದ್ದರು. ಇವರು ಮೊದಲು ಒಂದು ಸಲ ಪೂರ್ತಿ ಕೇಳುವುದು, ಆಮೇಲೆ ಇಳಿಸುವುದು. ಯಾಕೆ ಅಂತ ಕೇಳಿದರೆ, "ಮೂವತ್ತು ವರ್ಸ ಮಿಷಿನ್ ಸದ್ದು ಕೇಳಿವ್ನಿ. ಮನುಷ್ಯರ ಸದ್ದು ಒಂದಷ್ಟು ಕೇಳ್ಕಳೋಣ ಬುಡಿ," ಅನ್ನುತ್ತಿದ್ದರು.

ನಾನು ಆಗ ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಸಹೋದ್ಯೋಗಿಯೊಬ್ಬರು ಇವರ ವಿಳಾಸ ಕೊಟ್ಟರು. ಪರೀಕ್ಷೆ ಮಾಡಿ ನೋಡೋಣವೆಂದು ಮೊದಲು ನನ್ನದೇ ಒಂದು ಕ್ಯಾಸೆಟ್ಟು ಒಯ್ದೆ, ಕಾಲೇಜಿನ ಗಾಯನ ಸ್ಪರ್ಧೆಯದು. ವಾರದ ಮೇಲೆ ಹೋದರೆ ಸಿ.ಡಿ. ಕೈಗಿಟ್ಟು ಸುಮ್ಮನೆ ಕೂತರು. ನನಗೋ ಹೊಗಳಿಸಿಕೊಳ್ಳುವ ಚಪಲ. ಹೇಗಿತ್ತು ಎಂದು ಕೇಳಿಯೇಬಿಟ್ಟೆ. "ಚಪ್ಪಾಳೆ ಬೋ ಚೆನ್ನಾಗಿ ಬಂದದೆ ಕಣಮ್ಮ," ಅಂದರು. ಅಷ್ಟೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಬ್ಬಳೇ ಉರಿದುಕೊಂಡು ಬಂದೆ, ಮನೆಗೆ ಬಂದು ಕೇಳಿದಾಗ ಅವರು ಹೇಳಿದ್ದು ನಿಜ ಎಂದು ಗೊತ್ತಾಯಿತು.

ಇನ್ನೊಂದು ದಿನ ನಾನು ಹೋದಾಗ ಒಬ್ಬ ಹೆಂಗಸು ಅವರ ಜೊತೆ ಜಗಳಕ್ಕೆ ನಿಂತಿದ್ದಳು. ಅವಳ ನಿಶ್ಚಿತಾರ್ಥದ ಕ್ಯಾಸೆಟ್ಟಿನಲ್ಲಿ ಮಂತ್ರದ ಹಿಂದೆ ಅತ್ತೆಯೂ ನಾದಿನಿಯೂ ಗುಸುಗುಸು ಮಾತಾಡಿದ್ದಾರಂತೆ, ಅವಳಿಗೆ ಅದು ಸರಿಯಾಗಿ ಕೇಳಿಸದು, ಇವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದವರು, ಏನಂದರು ಹೇಳಬೇಕು. ಇವರು ಒಂದೇ ಮಾತು ಹೇಳಿ ಕೈ ಮುಗಿದರು. "ನನ್ ಕಿವಿಗೆ ಬಿದ್ದದ್ದು ನನ್ ಬಾಯಿಗೆ ಬರಕಿಲ್ಲ ತಾಯಿ. ಅದು ನಾನ್ ಆಕ್ಕೊಂಡಿರೋ ಕಟ್ಟು." ಅವಳು ಗೇಟು ದಡಾರನೆ ಹಾಕಿಕೊಂಡು ಹೋದಳು. ಆವತ್ತೇ ನಾನು ಅಪ್ಪನ ಕ್ಯಾಸೆಟ್ಟನ್ನು ಇವರಿಗೇ ಕೊಡಬೇಕೆಂದು ತೀರ್ಮಾನ ಮಾಡಿದ್ದು.

ಅಪ್ಪನ ಕ್ಯಾಸೆಟ್ಟಿನ ವಿಷಯ ಹೇಳಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪನಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಆಪರೇಷನ್ ಮಾಡಿದರೆ ಜೀವ ಉಳಿಯಬಹುದು, ಧ್ವನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಆಸ್ಪತ್ರೆಗೆ ಸೇರುವ ಹಿಂದಿನ ಭಾನುವಾರ ಮಧ್ಯಾಹ್ನ ಅಪ್ಪ ಟೇಪ್‌ರೆಕಾರ್ಡರ್ ಎತ್ತಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆಯ ಮೇಲೆ ಹೊರಗೆ ಬಂದು ಅಮ್ಮನ ಕೈಗೆ ಕ್ಯಾಸೆಟ್ಟು ಕೊಟ್ಟು, "ಇಟ್ಕೋ, ಬೇಕಾದಾಗ ಕೇಳು," ಅಂದರು. ಆಮೇಲೆ ಒಂದೂವರೆ ವರ್ಷ ಬದುಕಿದ್ದರು, ಸ್ಲೇಟಿನ ಮೇಲೆ ಬರೆದು ತೋರಿಸುತ್ತಾ. ಮನುಷ್ಯ ಎದುರಿಗೇ ಇರುವಾಗ ಕ್ಯಾಸೆಟ್ಟು ಕೇಳುವುದು ಅಪಶಕುನ ಎಂದಳು ಅಮ್ಮ. ಅವರು ಹೋದ ಮೇಲೆ ಒಂದು ಸಲ ಹಾಕಿದೆವು. ಅಪ್ಪ ಕೆಮ್ಮಿ, "ಓಡ್ತಾ ಇದೆಯೋ ಇಲ್ವೋ," ಅಂದದ್ದೇ ತಡ ಅಮ್ಮ ನಿಲ್ಲಿಸಿಬಿಟ್ಟಳು. ಆಮೇಲೆ ಇವತ್ತಲ್ಲ ನಾಳೆ, ನಾಳೆಯಲ್ಲ ನಾಡಿದ್ದು ಎನ್ನುತ್ತಾ ಎಂಟು ವರ್ಷ ಕಳೆಯಿತು. ಕ್ಯಾಸೆಟ್ಟು ಸ್ಟೀಲಿನ ಡಬ್ಬಿಯಲ್ಲಿ ಇತ್ತು. ಬೂಷ್ಟು ಹಿಡಿಯುವುದಕ್ಕೆ ಶುರುವಾದದ್ದನ್ನು ನೋಡಿ ನಾನೇ ಹಟ ಹಿಡಿದು ಒಯ್ದು ಕೊಟ್ಟೆ. ಅಪ್ಪನ ಧ್ವನಿ ಈ ಪ್ರಪಂಚದಲ್ಲಿ ಇನ್ನೆಲ್ಲೂ ಇರಲಿಲ್ಲ.

ನಾಲ್ಕನೇ ದಿನ ಶಿವನಂಜಪ್ಪನವರೇ ನಮ್ಮ ಮನೆಗೆ ಬಂದರು. ಅವರು ಯಾರ ಮನೆಗೂ ಹೋಗಿ ಕೊಟ್ಟು ಬರುವವರಲ್ಲ, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಕುಡಿಯಲು ನೀರು ಕೊಟ್ಟೆ, ಮುಟ್ಟಲಿಲ್ಲ. ಕೂರಿ ಅಂದೆ, ಕೂರಲಿಲ್ಲ. ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರವೇ ನಿಂತು, "ಅಳಿಸ್ಬುಟ್ಟೆ ಕಣಮ್ಮ," ಅಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಬೆಳಿಗ್ಗೆ ಪೂರ್ತಿ ಕೇಳಿದ್ದಾರೆ. ಮಧ್ಯಾಹ್ನ ಇಳಿಸಬೇಕು ಎನ್ನುವಾಗ ಆ ಚಿಕ್ಕ ಪ್ಲೇಯರಿನ ಬೆಲ್ಟು ತುಂಡಾಗಿದೆ. ಅಟ್ಟದ ಮೇಲಿದ್ದ, ಒಳಗೇ ಮೈಕಿರುವ ಹಳೆಯ ಟೇಪ್‌ರೆಕಾರ್ಡರ್ ಇಳಿಸಿದ್ದಾರೆ. ಕಂಪ್ಯೂಟರಿನಲ್ಲಿ ರೆಕಾರ್ಡ್ ಒತ್ತಬೇಕು, ಟೇಪಿನಲ್ಲಿ ಬರೀ ಪ್ಲೇ ಒತ್ತಬೇಕು. ಅಲ್ಲಿ ರೆಕಾರ್ಡ್ ಒತ್ತಿದ ಕೈ ಇಲ್ಲೂ ಕೆಂಪು ಗುಂಡಿಯನ್ನೇ ಒತ್ತಿದೆ. ಊಟ ಮಾಡಿ ಬಂದವರಿಗೆ ಅಲ್ಲೇ ಕುರ್ಚಿಯಲ್ಲಿ ಕಣ್ಣು ಹತ್ತಿದೆ. ಎದ್ದಾಗ ಆ ಬದಿ ಪೂರ್ತಿ ಮುಗಿದಿತ್ತು.

"ಅದ್ರ ತುಂಬ ಈಗ ನನ್ ಗೊರಕೆ ಅದೆ ತಾಯಿ," ಅಂದರು.

ಕ್ಯಾಸೆಟ್ಟಿನ ನೆತ್ತಿಯ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ತುಂಡು ಇರುತ್ತದೆ, ಅದನ್ನು ಮುರಿದುಬಿಟ್ಟರೆ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ ಎಂದು ನನಗೆ ಹೇಳಿಕೊಟ್ಟವರೇ ಅವರು. ಯಾರು ಏನು ತಂದರೂ ಇಳಿಸುವ ಮುಂಚೆ ಅದನ್ನು ಮುರಿಯುತ್ತಿದ್ದರು. ಇದನ್ನು ಯಾಕೆ ಮುರಿಯಲಿಲ್ಲ ಎಂದು ಕೂಗಿದೆ.

"ಮುರಿಯೋಕೆ ಓದೆ. ಆ ಪುಣ್ಯಾತ್ಮರ ಮಾತು ಕೇಳಿದ್ಮೇಲೆ ಆ ಕ್ಯಾಸೆಟ್ನಾಗೆ ಏನ್ನೂ ಮುರಿಯೋಕೆ ಮನಸ್ಸು ಬರ್ಲಿಲ್ಲ."

ನಾನು ಏನೇನೋ ಅಂದೆ. "ನಿಮ್ಮ ಗೊರಕೆ ಕೇಳಿಸೋಕೆ ಎರಡು ಬಸ್ಸು ಹತ್ಕೊಂಡು ಬಂದ್ರಾ," ಅಂದದ್ದು ನೆನಪಿದೆ. ಇನ್ನೂ ಕೆಟ್ಟದ್ದನ್ನೂ ಅಂದೆ, ಅದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಪೂರ್ತಿ ಕೇಳಿದ್ರಾ?" ಎಂದು ಅವರನ್ನು ಕೇಳಿದಳು.

"ಕೇಳ್ದೆ ತಾಯಿ. ಒಂದ್ ಸಲ."

"ಹಾಗಾದ್ರೆ ಕೂತ್ಕೊಳ್ಳಿ. ಹೇಳಿ."

ನಾನು ಬೆಚ್ಚಿಬಿದ್ದೆ. ಶಿವನಂಜಪ್ಪನವರೂ ಬೆಚ್ಚಿದರು. ಕೇಳಿದ್ದು ಬಾಯಿಗೆ ಬರುವುದಿಲ್ಲ ಎಂದು ಕಟ್ಟು ಹಾಕಿಕೊಂಡ ಮನುಷ್ಯ. ಕೈಯಲ್ಲಿದ್ದ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟರು. ಆಮೇಲೆ ಕುರ್ಚಿಯ ಅಂಚಿನಲ್ಲಿ ಕೂತು, ಅಂಗಿಯ ಕತ್ತಿನ ಗುಂಡಿ ಮುಟ್ಟಿ ನೋಡಿಕೊಂಡು, ಕಣ್ಣು ಮುಚ್ಚಿ ಶುರು ಮಾಡಿದರು.

"ಮೊದ್ಲು ಕೆಮ್ಮಿದ್ರು. ಓಡ್ತಾ ಅದೋ ಇಲ್ವೋ ಅಂದ್ರು."

"ಅವರು 'ಅದೋ' ಅನ್ನಲ್ಲ," ಅಂದಳು ಅಮ್ಮ.

"ಇದೆಯೋ ಇಲ್ವೋ," ಎಂದು ತಿದ್ದಿಕೊಂಡರು. ಅಲ್ಲಿಂದ ಮುಂದೆ ಅವರ ಮಾತಿನಲ್ಲೇ ಅಪ್ಪನ ಮಾತು ಬರತೊಡಗಿತು. ಇಲವಾಲದ ನಾಲಿಗೆಯಲ್ಲಿ ಅಪ್ಪನ ಅಳೆದು ತೂಗಿ ಆಡುವ ಕನ್ನಡ. ಬಸ್ಸಾರಿಗೆ ಉಪ್ಪು ಕಡಿಮೆ ಎಂದು ದಿನಾ ಅನ್ನುತ್ತಿದ್ದೆ, ಅದು ಸುಳ್ಳು, ಹಾಗನ್ನದಿದ್ದರೆ ನೀನು ಇನ್ನೊಂದು ಸಲ ನನ್ನ ಎಲೆಯ ಹತ್ತಿರ ಬರುತ್ತಿರಲಿಲ್ಲ ಎಂದಿದ್ದರಂತೆ. ಬೀರುವಿನ ಮೇಲಿನ ಖಾನೆಯ ರೇಷ್ಮೆ ಸೀರೆಯನ್ನು ಇಟ್ಟಿಟ್ಟು ಹಾಳು ಮಾಡಬೇಡ, ಉಡು ಎಂದಿದ್ದರಂತೆ. "ಮಗಳು ಸಿಡುಕಿ. ಬೈದು ಆಮೇಲೆ ಒಬ್ಳೇ ಕೂತು ಅಳ್ತಾಳೆ. ಅವ್ಳ ಬೈಗುಳ ಮನಸ್ಸಿಗೆ ಆಕ್ಕೋಬೇಡ ಅಂದ್ರು," ಎಂದು ಹೇಳುವಾಗ ಅವರು ನನ್ನ ಕಡೆ ತಿರುಗಲಿಲ್ಲ. ಐದು ನಿಮಿಷದ ಹಿಂದೆ ಬಾಯಿಗೆ ಬಂದಂತೆ ಅಂದವಳು ನಾನು. ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತೆ. ನನ್ನ ಬ್ಯಾಗಿನಲ್ಲಿ ಮಾತು ಹಿಡಿದಿಡುವ ಮೊಬೈಲ್ ಇತ್ತು, ಅದು ಇದೆಯೆಂಬುದೇ ಹೊಳೆಯಲಿಲ್ಲ.

ಒಂದು ಕಡೆ ಬಂದು ನಿಲ್ಲಿಸಿಬಿಟ್ಟರು. "ಇನ್ ಮುಂದಕ್ಕೆ ಇರೋದು ನಾನ್ ಏಳಬಾರದು ತಾಯಿ."

"ಯಾಕೆ, ಕೆಟ್ಟದ್ದಾ?"

"ಕೆಟ್ಟದ್ದಲ್ಲ. ನಿಮ್ ಎಸರು."

ನಮ್ಮ ಮನೆಯಲ್ಲಿ ಅಪ್ಪ ಅಮ್ಮನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ನನ್ನ ಹೆಸರನ್ನೇ ಕರೆಯುವುದು. ಮೊಟಕಾಗಿ "ಸುಮಾ" ಎಂದರೆ ನಾನು, ಎಳೆದು "ಸುಮಾಽಽ" ಎಂದರೆ ಅಮ್ಮ. ಅಜ್ಜಿಯ ಎದುರು ಹೆಂಡತಿಯ ಹೆಸರು ಹೇಳಲು ನಾಚಿ ಶುರು ಮಾಡಿದ್ದು, ಅಜ್ಜಿ ಹೋದ ಮೇಲೂ ಹಾಗೇ ಉಳಿಯಿತು.

"ಇಷ್ಟು ವರ್ಸ ಮಗಳ ಎಸರಲ್ಲಿ ಕರೆದೆ. ನಾಡಿದ್ದಿಂದ ಯಾವ್ ಎಸರೂ ಕರೆಯೋಕಾಗಲ್ಲ. ಅದಕ್ಕೆ ಈಗ ನಿನ್ ಎಸರಲ್ಲೇ ಕರೆದು ಮಡಗ್ತೀನಿ, ಬೇಕಾದಾಗ ಆಕ್ಕೊಂಡು ಕೇಳು ಅಂದ್ರು," ಎಂದರು ಶಿವನಂಜಪ್ಪನವರು. "ನಾಕ್ ಥರ ಕರೆದವ್ರೆ. ಗೇಟಿಂದ ಬಂದಂಗೆ ಒಂದು. ಊಟಕ್ಕೆ ಕೂತು ಒಂದು. ಕೋಪದಲ್ಲೊಂದು. ಕೊನೇದು ಸುಮ್ನೆ, ಯಾತಕ್ಕೂ ಅಲ್ಲ."

ಅಮ್ಮನ ಹೆಸರು ಹೇಮಾವತಿ. ಅವಳು ನೆಟ್ಟಗೆ ಕೂತಿದ್ದಳು. "ಕರೀರಿ," ಅಂದಳು.

ಅವರು ಎದ್ದು, ಅಮ್ಮನಿಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ಕೈ ಕಟ್ಟಿ ನಿಂತರು. "ಏಮಾ," ಅಂದರು. ತಲೆ ಅಲ್ಲಾಡಿಸಿದರು. "ಅಂಗಲ್ಲ. ಅವ್ರು ಚೆಂದಾಗಿ ಅಂದ್ರು." ಮತ್ತೆ "ಏಮಾ" ಎಂದೇ ಬಂತು. ಮೂರನೆಯದಕ್ಕೆ ಕತ್ತಿನ ನರ ಉಬ್ಬಿತು, ಗಂಟಲಲ್ಲಿ ಉಸಿರು ಸಿಕ್ಕಿಕೊಂಡಿತೇ ಹೊರತು ಅಕ್ಷರ ಹುಟ್ಟಲಿಲ್ಲ. ನನಗೆ ನಗು ಬರುವ ಹಾಗಾಗಿ, ಆ ನಗುವಿಗೆ ನಾನೇ ಹೆದರಿಕೊಂಡೆ. ಆಮೇಲೆ ಅವರು ಕಟ್ಟಿದ್ದ ಕೈ ಕೆಳಗೆ ಬಿಟ್ಟರು. ಎಷ್ಟೋ ಹೊತ್ತಿನ ಮೇಲೆ, ಯಾವ ಕಷ್ಟವೂ ಇಲ್ಲದೆ, ಪಕ್ಕದಲ್ಲೇ ಇರುವವರನ್ನು ಕರೆಯುವ ಹಾಗೆ, "ಹೇಮಾ," ಅಂದರು.

"ಆ, ಬಂದೆ," ಎಂದು ಅಮ್ಮ ಎದ್ದುಬಿಟ್ಟಳು. ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ ಮೇಲೆ ಅವಳಿಗೆ ಎಚ್ಚರವಾಯಿತು. ಇವತ್ತಿಗೂ ಆ ಎರಡು ಹೆಜ್ಜೆ ಕಣ್ಣಿಗೆ ಕಟ್ಟಿದಂತಿವೆ.

ಅಮ್ಮ ಸಾವರಿಸಿಕೊಂಡು, "ಇನ್ನೊಂದ್ಸಲ ಹೇಳ್ತೀರಾ, ಮೊದಲಿಂದ?" ಎಂದು ಕೇಳಿದಳು. ಶಿವನಂಜಪ್ಪನವರು ತಿರುಗಿ ಕೈ ಮುಗಿದರು.

"ಬ್ಯಾಡಿ ತಾಯಿ. ಈಗ ಏಳಿದ್ದು ಅವ್ರುದ್ದು. ಎರಡ್ನೇ ಸಲ ಏಳಿದ್ರೆ ನಂದೂ ಸೇರ್ಕತದೆ."

ಅವರು ಹೋದರು. ಗೇಟಿನವರೆಗೂ ಹೋಗಿ ಕ್ಷಮೆ ಕೇಳಬೇಕೆಂದುಕೊಂಡೆ, ಹೋಗಲಿಲ್ಲ. ಅವತ್ತಿನಿಂದ ಅವರು ಬೇರೆಯವರ ಕ್ಯಾಸೆಟ್ಟು ಮುಟ್ಟಲಿಲ್ಲವಂತೆ, ಕಂಪ್ಯೂಟರನ್ನು ಯಾರಿಗೋ ಕೊಟ್ಟುಬಿಟ್ಟರಂತೆ. ಒಮ್ಮೆ ಹೋಗಿ ಬರೋಣ ಎಂದು ಅಮ್ಮ ಎರಡು ಮೂರು ಸಲ ಅಂದಳು. ಪಾಠ, ಪರೀಕ್ಷೆ, ಅದು ಇದು ಎಂದು ನಾನೇ ಮುಂದೆ ಹಾಕಿದೆ. ನಿಜ ಹೇಳಬೇಕೆಂದರೆ ಆ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ವಿಳಾಸ ಕೊಟ್ಟಿದ್ದ ಅದೇ ಸಹೋದ್ಯೋಗಿ ಫೋನ್ ಮಾಡಿ, ಶಿವನಂಜಪ್ಪ ಹೋಗಿಬಿಟ್ಟರು, ಹಿಂದಿನ ದಿನವೇ ಊರಿನಲ್ಲಿ ಮಣ್ಣು ಮಾಡಿದರು ಅಂದರು. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಹೇಳಿದೆ. ಮೊರ ಪಕ್ಕಕ್ಕೆ ಸರಿಸಿ, ಎದ್ದು ಬಚ್ಚಲಿಗೆ ಹೋದಳು. ತಣ್ಣೀರು ಸುರಿದುಕೊಳ್ಳುವ ಸದ್ದು ಕೇಳಿಸಿ ನನಗೆ ಗಾಬರಿಯಾಯಿತು. ಅಪ್ಪನ ಚಿಕ್ಕಮ್ಮನ ಅಳಿಯ ತೀರಿಕೊಂಡಾಗಲೂ ದೂರದ ಸಂಬಂಧ, ಮೈಲಿಗೆ ಇಲ್ಲ ಎಂದು ಕೈಕಾಲು ತೊಳೆದುಕೊಂಡು ಸುಮ್ಮನಾಗಿದ್ದವಳು.

ತಲೆಗೂದಲಿನಿಂದ ನೀರು ಸೋರಿಸಿಕೊಂಡು ಈಚೆ ಬಂದಳು. "ಏನಮ್ಮಾ ಇದು, ಅವರು ನಮಗೇನಾಗಬೇಕು?" ಎಂದು ಕೇಳಿದೆ.

"ನಿಮ್ಮಪ್ಪ ನನ್ನ ಹೆಸರು ಹಿಡಿದು ಕರೆದದ್ದನ್ನ ಕೇಳಿದೋರು ಅವರೊಬ್ಬರೇ ಕಣೇ," ಅಂದಳು ಅಮ್ಮ. "ನಾನೂ ಕೇಳಿಲ್ಲ."