ಹಿಡ್ಕೊಳ್ಳಿ ಸಾರ್

ಆಸ್ಪತ್ರೆಯಲ್ಲಿ ಅವರಿಗೆ ಬಿದ್ದ ಹೆಸರು ‘ಹಿಡ್ಕೊಳ್ಳಿ ಸಾರ್’. ಇಪ್ಪತ್ತೆಂಟು ವರ್ಷ ಎಕ್ಸ್-ರೇ ಕೋಣೆಯಲ್ಲಿ ನಿಂತು, ಬಂದವರ ಎದೆಯನ್ನು ತಣ್ಣನೆಯ ಹಲಗೆಗೆ ಒತ್ತಿಸಿ, “ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡಬೇಡಿ” ಎಂದು ಗದರಿದ ಗಂಟಲು ಅದು. ಅದಕ್ಕೆ ಎದುರಾಡಿದ ರೋಗಿ ಹುಟ್ಟಿಲ್ಲ. ಆದರೆ ಒಂದು ಐಬು ಇತ್ತು ನೋಡಿ: ಚಿತ್ರ ಚೆನ್ನಾಗಿ ಬಂದ ಖುಷಿಯಲ್ಲಿ “ಉಸಿರು ಬಿಡಿ” ಎನ್ನುವುದನ್ನೇ ಮರೆತುಬಿಡುತ್ತಿದ್ದರು. ಒಮ್ಮೆ ಒಬ್ಬ ಅಜ್ಜ, ಮಹಾ ವಿಧೇಯ, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗುವ ತನಕ ಹಿಡಿದೇ ನಿಂತಿದ್ದ. ಆಗ ಮೂರನೇ ಕ್ಲಾಸಿನಲ್ಲಿದ್ದ ಮಗಳು ರಟ್ಟಿನ ಮೇಲೆ ‘ಬಿಡಿ’ ಎಂದು ದಪ್ಪಗೆ ಬರೆದು, ಅಪ್ಪನ ಕಣ್ಣಿಗೆ ನೇರ ಬೀಳುವ ಹಾಗೆ ಆ ಕೋಣೆಯ ಗೋಡೆಗೆ ಅಂಟಿಸಿ ಬಂದಳು. ಅಲ್ಲಿಂದಾಚೆಗೆ ರೋಗಿಗಳು ಬದುಕಿಕೊಂಡರು.

ಅದೇ ಮಗಳು ದೊಡ್ಡವಳಾಗಿ ಗ್ಯಾಲಕ್ಸಿಗಳ ನಟ್ಟನಡುವೆ ಕೂತ ಕಪ್ಪು ರಂಧ್ರಗಳ ಬೆನ್ನು ಹತ್ತಿದಳು. ಅಲ್ಲಿಂದ ಬರುವ ಎಕ್ಸ್-ರೇ ಅವಳ ಸಂಶೋಧನೆ. ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಸಾರ್‌ಗೆ ಕೋಡು ಮೂಡಿತು.

“ಮಗಳೂ ನಮ್ಮ ಲೈನೇ,” ಎಂದು ನರ್ಸುಗಳಿಗೆ ಹೇಳಿದ್ದೇ ಹೇಳಿದ್ದು. “ನಾನು ಮೂಳೆದು ತೆಗೀತೀನಿ, ಅವಳು ರಂಧ್ರದ್ದು ತೆಗೀತಾಳೆ.”

“ಅಪ್ಪ, ನಾವು ತೆಗೆಯಲ್ಲ. ಎಕ್ಸ್-ರೇ ಅಲ್ಲಿಂದಲೇ ಬರುತ್ತೆ,” ಎಂದು ಮಗಳು ಐದು ವರ್ಷ ಹೇಳಿದಳು.

“ರೋಗೀನೇ ಎಕ್ಸ್-ರೇ ಬಿಟ್ರೆ ನಮ್ಮಂಥೋರ ಹೊಟ್ಟೆಗೆ ತಣ್ಣೀರು ಬಟ್ಟೆನೇ ಗತಿ,” ಎಂದು ಅವರು ನಂಬಲೇ ಇಲ್ಲ.

ಡಾಕ್ಟರೇಟಿನ ಕೊನೆಯ ಮೌಖಿಕ ಪರೀಕ್ಷೆಯ ದಿನ ಸಾರ್ ಇಸ್ತ್ರಿ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಕೂತರು. ಇಂದು ತಪ್ಪಿದರೆ ಐದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ದಪ್ಪ ಕನ್ನಡಕದ ಪರೀಕ್ಷಕಿ ಕೇಳಿದರು: “ಕಪ್ಪು ರಂಧ್ರದಿಂದ ಬೆಳಕೇ ಹೊರಗೆ ಬರಲ್ಲ. ಮತ್ತೆ ಈ ಎಕ್ಸ್-ರೇ ಎಲ್ಲಿಂದ ಬಂತು?”

ನಿದ್ದೆಯಲ್ಲೂ ಹೇಳಬಹುದಾದ ಉತ್ತರ. ಆದರೆ ಮಗಳ ಬಾಯಿ ಕಟ್ಟಿತು, ಏದುಸಿರು ಶುರುವಾಯಿತು. ಪರೀಕ್ಷಕಿ ಪೆನ್ನಿನ ಮುಚ್ಚಳ ತೆಗೆದರು. ಹಿಂದಿನ ಸಾಲಿನಿಂದ ಅಪ್ಪನ ಗಂಟಲು ತಾನಾಗಿಯೇ ಎದ್ದಿತು.

“ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡಬೇಡಿ.”

ಇಡೀ ಕೋಣೆ ಹಿಡಿದುಕೊಂಡಿತು. ಪರೀಕ್ಷಕಿ ಹಿಡಿದರು, ಮಗಳ ಗೈಡ್ ಹಿಡಿದರು, ಬಾಗಿಲಲ್ಲಿ ಟೀ ಟ್ರೇ ಹೊತ್ತವನೂ ಹಿಡಿದ. ಸಾರ್ ಕೂಡ ಹಿಡಿದುಕೊಂಡು ಮಗಳನ್ನೇ ನೋಡುತ್ತ ನಿಂತರು. ಈ ಗೋಡೆಯ ಮೇಲೆ ರಟ್ಟು ಇರಲಿಲ್ಲ. ಪರೀಕ್ಷಕಿಯ ಮುಖ ನಿಧಾನಕ್ಕೆ ಬದನೆಕಾಯಿಯ ಕಡೆಗೆ ಹೊರಟಿತು.

ಅದನ್ನು ನೋಡಿ ಮಗಳಿಗೆ ನಗು ಬಂತು. ತಿರುಗಿ ಬೋರ್ಡಿನ ಮೇಲೆ ದಪ್ಪಗೆ ಬರೆದಳು: ‘ಬಿಡಿ’.

ಎಲ್ಲರೂ ಒಟ್ಟಿಗೆ ಬಿಟ್ಟ ರಭಸಕ್ಕೆ ಮೇಜಿನ ಮೇಲಿನ ಹಾಳೆಗಳು ಹಾರಿದವು. ಅವಳ ಬಾಯಿಯೂ ಬಿಚ್ಚಿತು.

“ಒಳಗೆ ಬಿದ್ದದ್ದು ಬೆಳಗಲ್ಲ ಮೇಡಂ, ಬೀಳೋ ಮುಂಚಿನ ನೂಕುನುಗ್ಗಲು ಬೆಳಗುತ್ತೆ. ಅನಿಲ ಸೀದಾ ಬೀಳಲ್ಲ. ತಟ್ಟೆ ಥರ ಹರಡಿ ಸುತ್ತುತ್ತಾ, ಉಜ್ಜಾಡಿ ಕಾದು ಬೆಳಗುತ್ತೆ. ರಂಧ್ರದ ಪಕ್ಕ ಇನ್ನೂ ಬಿಸಿಯಾದ ಮೋಡ ಇದೆ. ತಟ್ಟೆಯ ಬೆಳಕು ಅದಕ್ಕೆ ತಾಗಿ ಎಕ್ಸ್-ರೇ ಆಗುತ್ತೆ. ಬೀಳೋದು ಹೆಚ್ಚುಕಮ್ಮಿ ಆದ್ರೆ ಎಕ್ಸ್-ರೇನೂ ಹೆಚ್ಚುಕಮ್ಮಿ.”

ಪರೀಕ್ಷಕಿ ಸಹಿ ಹಾಕಿದರು. ಸಾರ್ ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದರು. ಹೆಮ್ಮೆಯಿಂದ ಮಗಳ ಬೆನ್ನು ತಟ್ಟಿದರು. ಕೊನೆಗೆ ಕೇಳಿದರು:

“ಹಾಗಾದ್ರೆ ಅಲ್ಲಿ ನಮ್ಮ ಲೈನಿನೋರು ಅಂತ ಒಬ್ರೂ ಇಲ್ವಾ?”

“ಒಬ್ರೂ ಇಲ್ಲಪ್ಪ.”

“ಅದಕ್ಕೇ ಮತ್ತೆ,” ಎಂದರು ಸಾರ್, ಬೋರ್ಡು ನೋಡುತ್ತ. “ಬಿಡಿ ಅನ್ನೋರಿಲ್ಲ. ಪಾಪ, ಆ ರಂಧ್ರ ಹಿಡ್ಕೊಂಡೇ ಕೂತಿದೆ.”