ರೂತಕ್ಕನ ಪಾಳಿ

ಹೋದ ಶನಿವಾರ ಬೆಳಿಗ್ಗೆ, ನಾನು ಕೆಲಸ ಮಾಡುವ ಶಿಗ್ಗಾಂವಿಯ ಕಾಲೇಜಿನ ಗ್ರಂಥಾಲಯದಲ್ಲಿ ನೆಲ ಒರೆಸಿದರು. ಫಿನಾಯಿಲಿನ ವಾಸನೆಗೆ ಉಳಿದವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಹೋದರು. ನಾನು ಒಳಗೇ ನಿಂತೆ. ನಿಮಗೆ ಊದಿನಕಡ್ಡಿಯೋ ಲೋಬಾನವೋ ದೇವರನ್ನು ನೆನಪಿಸಿದರೆ ನನಗೆ ಫಿನಾಯಿಲ್ ನೆನಪಿಸುತ್ತದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ, ಎಲ್ಲ ರೂತಕ್ಕನದು.

ರೂತಕ್ಕ ಹಾನಗಲ್ಲಿನ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ನಮ್ಮ ಕ್ರೈಸ್ತ ಸಭೆಯ ಹಿರಿಯರಲ್ಲಿ ಅವರೊಬ್ಬರೇ ಹೆಂಗಸು. ಸಭೆ ಎಂದರೆ ಇಪ್ಪತ್ತಾರು ಮನೆ, ಹೆಂಚಿನ ಒಂದು ದೇವಾಲಯ, ಒಂಬತ್ತು ಬೆಂಚು. ಪ್ರತಿ ಶನಿವಾರ ಮಧ್ಯಾಹ್ನ ರೂತಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಆ ದೇವಾಲಯವನ್ನು ವಾರ್ಡು ತೊಳೆದ ಹಾಗೆ ತೊಳೆಯುತ್ತಿದ್ದರು. ರವಿವಾರ ನಾವು ಮೊಣಕಾಲೂರಿದಾಗ ಮೊದಲು ಮೂಗಿಗೆ ಬರುತ್ತಿದ್ದದ್ದು ಅದೇ ವಾಸನೆ. ಪವಿತ್ರಾತ್ಮ ಆಮೇಲೆ.

ದೇವಾಲಯದ ಬಾಗಿಲ ಪಕ್ಕ ಒಂದು ಮೊಳೆ, ಮೊಳೆಗೆ ದಾರ, ದಾರಕ್ಕೆ ಕೆಂಪು ರಟ್ಟಿನ ಉದ್ದನೆಯ ನೋಟುಬುಕ್ಕು. ಯಾರಿಗೆ ಯಾವ ಪ್ರಾರ್ಥನೆ ಬೇಕೋ ಅವರು ಅದರಲ್ಲಿ ಬರೆಯಬಹುದು. ಸಭೆಯವರೇ ಆಗಬೇಕೆಂದಿಲ್ಲ. ಸವಣೂರಿನಿಂದ ಸಂತೆಗೆ ಬರುವ ಎಲೆ ವ್ಯಾಪಾರಿ ಇಮಾಮಸಾಬರು ಮಗಳ ಪರೀಕ್ಷೆಗೆ ಬರೆಯುತ್ತಿದ್ದರು. ಬೀಜದಂಗಡಿಯ ನೀಲವ್ವ, ಕೊರಳಲ್ಲಿ ಲಿಂಗ ಕಟ್ಟಿಕೊಂಡೇ ಬಂದು, ಸೊಸೆಯ ಬಾಣಂತನಕ್ಕೆ ಬರೆಯುತ್ತಿದ್ದಳು. ರವಿವಾರ ಪಾಸ್ಟರ ಪ್ರಸಂಗ ಮುಗಿದ ಮೇಲೆ ರೂತಕ್ಕ ಎದ್ದು ಎಲ್ಲವನ್ನೂ ಬರೆದ ಕ್ರಮದಲ್ಲೇ ಓದುತ್ತಿದ್ದರು. ಒಂದನ್ನೂ ಬಿಡುವ ಹಾಗಿಲ್ಲ, ಹಿಂದುಮುಂದು ಮಾಡುವ ಹಾಗಿಲ್ಲ. ಓದುವ ರೀತಿಯೂ ದವಾಖಾನೆಯಲ್ಲಿ ಚೀಟಿ ಕರೆದ ಹಾಗೆಯೇ. "ಮೂರು. ಇಮಾಮಸಾಬರ ಮಗಳು, ಗಣಿತ." ಒಂದು ಕ್ಷಣ ಮೌನ. "ನಾಕು. ನೀಲವ್ವನ ಸೊಸಿ." ದೇವರು ಒಳಗೆ ಕುರ್ಚಿಯ ಮೇಲೆ ಕೂತು ಒಬ್ಬೊಬ್ಬರನ್ನೇ ನೋಡುತ್ತಿದ್ದಾನೆ ಎಂದೇ ನನಗೆ ಬಹಳ ದಿನ ಅನ್ನಿಸಿತ್ತು.

ಹಲವು ಕೈಗಳ ಅಕ್ಷರ ಅವರ ಕಣ್ಣಿಗೆ ಕಷ್ಟವಾಗತೊಡಗಿದಾಗ, ಶನಿವಾರ ಸಂಜೆ ಅದನ್ನು ದಪ್ಪ ಅಕ್ಷರದಲ್ಲಿ ಹಾಳೆಗೆ ಇಳಿಸುವ ಕೆಲಸ ನನಗೆ ಬಂತು. ಆಗ ನಾನು ಬಿ.ಎ. ಎರಡನೇ ವರ್ಷ. ನನ್ನನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಒಂಬತ್ತನೇ ತರಗತಿಯಿಂದ ನಾನು ಡೈರಿ ಬರೆಯುತ್ತೇನೆ, ಬರೆಯುವುದಕ್ಕಿಂತ ಹೆಚ್ಚಾಗಿ ಎಣಿಸುತ್ತೇನೆ. ಹಾನಗಲ್ಲಿನ ಬಸ್ಸು ಈ ವರ್ಷ ಎಷ್ಟು ಸಲ ತಡವಾಗಿದೆ ಎಂದು ಕೇಳಿ, ಹೇಳುತ್ತೇನೆ. ಈವರೆಗೆ ಯಾರೂ ಕೇಳಿಲ್ಲ. ಪ್ರಾರ್ಥನೆಗಳಿಗೂ ಡೈರಿಯಲ್ಲಿ ಎರಡು ಕಾಲಂ ಎಳೆದಿದ್ದೆ: ಕೇಳಿದ್ದು, ಆಗಿದ್ದು. ಒಂದು ದಿನ ರೂತಕ್ಕ ಅದನ್ನು ನೋಡಿಬಿಟ್ಟರು.

"ಏನವಾ, ದೇವರ ಹಾಜರಿ ತಗೊಳ್ಳಾಕತ್ತೀ ಏನು?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇನ್ನು ದಾರಿಯ ವಿಷಯ. ನಮ್ಮ ಸಮಾಧಿ ಜಾಗ ಊರ ಅಂಚಿನಲ್ಲಿ, ಭತ್ತದ ಗದ್ದೆಗಳ ಆಚೆ ಇದೆ. ಹಿಂದೆ ಅಲ್ಲಿಗೊಂದು ಬಂಡಿದಾರಿ ಇತ್ತಂತೆ. ಎರಡೂ ಕಡೆಯ ನೇಗಿಲು ವರ್ಷಕ್ಕೊಂದು ಗೇಣು ತಿಂದು ತಿಂದು ಕೊನೆಗೆ ಬದು ಮಾತ್ರ ಉಳಿಯಿತು. ರೂತಕ್ಕನ ಗಂಡ ಪೌಲಪ್ಪನವರು ತೀರಿಕೊಂಡದ್ದು ನಡುಮಳೆಗಾಲದಲ್ಲಿ. ಹೊತ್ತ ಆರು ಜನರಲ್ಲಿ ನನ್ನಪ್ಪನೂ ಒಬ್ಬ. ಮೊಣಕಾಲ ತನಕ ಕೆಸರು. ನಡುವೆ ಒಬ್ಬರ ಕಾಲು ಹುಗಿದು ಪೆಟ್ಟಿಗೆ ಒಂದು ಕಡೆ ವಾಲಿತು. ಹಿಂದೆ ಬರುತ್ತಿದ್ದ ರೂತಕ್ಕ ಓಡಿ ಬಂದು ತಾವೇ ಹೆಗಲು ಕೊಟ್ಟರು. ಹೆಂಡತಿ ಗಂಡನ ಪೆಟ್ಟಿಗೆ ಹೊತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಂದಿನಿಂದ ಅವರಿಗೆ ಒಂದೇ ಆಸೆ. "ನನ್ನ ಹೊರೋರ ಕಾಲಾದ್ರೂ ಹುಗೀಬಾರದು" ಎನ್ನುತ್ತಿದ್ದರು. ಆ ದಾರಿಗಾಗಿ ಅವರು ಹೇಳಿ ನಾನು ಪುರಸಭೆಗೆ ಬರೆದ ಅರ್ಜಿಗಳು ಒಂಬತ್ತು. ಒಂಬತ್ತಕ್ಕೂ ಸ್ವೀಕೃತಿಯ ಮೊಹರು ಬಿದ್ದಿದೆ, ಅಷ್ಟೇ.

ಅಷ್ಟರಲ್ಲಿ ಪುರಸಭೆಯ ಚುನಾವಣೆ ಬಂತು. ಒಂದು ಶನಿವಾರ ಬಸಣ್ಣ ಒದ್ದೆ ಮೆಟ್ಟಿಲ ಮೇಲೆ ಬಂದು ನಿಂತ. ನಮ್ಮ ವಾರ್ಡಿಗೆ ನಿಂತಿದ್ದ ಸಾವಕಾರರ ಬಲಗೈ ಅವನು. ಚಿಕ್ಕಂದಿನಲ್ಲಿ ಅವನ ಒಡೆದ ಹಣೆಗೆ ಹೊಲಿಗೆ ಹಾಕಿದವರು ರೂತಕ್ಕನೇ, ಹಾಗಾಗಿ ಸಲುಗೆ. ಪಾಸ್ಟರೂ ಅಲ್ಲೇ ಇದ್ದರು.

"ಐತವಾರ ಪಾಸ್ಟರ ಬಾಯಿಂದ ಸಾವಕಾರ್ರ ಹೆಸರು ಒಂದ ಸಲ ಬರ್ಲಿ ಅಕ್ಕಾರ. ಸೋಮವಾರ ನಿಮ್ಮ ದಾರಿಗೆ ಗರಸು ಮಣ್ಣು ಬೀಳತೇತಿ."

ಪಾಸ್ಟರು ಆಸೆಬುರುಕರಲ್ಲ ಎಂದು ನಾನು ಬರೆದಿಡಲೇಬೇಕು. ಆ ಕೆಸರಿನಲ್ಲಿ ಬೈಬಲ್ಲನ್ನು ತಲೆಯ ಮೇಲೆ ಹಿಡಿದು ನಡೆದವರು ಅವರು. ಅವರು ನೋಡಿಕೊಳ್ಳುವ ಇನ್ನೊಂದು ಊರಿನಲ್ಲಿ ಮನೆಪ್ರಾರ್ಥನೆಗೆ ನಾಲ್ಕು ಜನ ಬಂದು ತಕರಾರು ಮಾಡಿದ್ದರು. ಅಂಥ ದಿನ ಫೋನು ಎತ್ತುವ ಒಬ್ಬರಾದರೂ ನಮಗಿರಲಿ ಎಂಬುದು ಅವರ ಲೆಕ್ಕ. ಸಭೆ ರಾಜಕೀಯದಿಂದ ದೂರ ಇರಬೇಕು ಎಂದು ದೊಡ್ಡ ಊರಿನವರು ಹೇಳುತ್ತಾರೆ. ಇಪ್ಪತ್ತಾರು ಮನೆಯವರಿಗೆ ದೂರ ಇರುವಷ್ಟು ಜಾಗ ಎಲ್ಲಿದೆ? ಪಾಸ್ಟರು ರೂತಕ್ಕನ ಮುಖ ನೋಡಿದರು. ದಾರಿ ಎಲ್ಲರಿಗಿಂತ ಹೆಚ್ಚಾಗಿ ಬೇಕಿದ್ದದ್ದು ರೂತಕ್ಕನಿಗೇ.

ರೂತಕ್ಕ ಕಸಬರಿಗೆ ಗೋಡೆಗೆ ಒರಗಿಸಿದರು. "ಪ್ರಸಂಗದ ಪುಲ್ಪಿಟ್ಟು ಬ್ಯಾಡ. ಬುಕ್ಕ ಐತಲ್ಲ, ಬರೀಲಿ. ಎಲ್ಲಾರಂಗ ಪಾಳಿಗೆ ನಿಂದರ್ಲಿ."

ಬಸಣ್ಣ ನಗುತ್ತಲೇ ಬರೆದ: ಸಾವಕಾರರು ಆರಿಸಿ ಬರಲಿ. ಅವನದು ಆರನೆಯದು. ನಾಳೆ ತಾನೂ ಬಂದು ಕೇಳುತ್ತೇನೆಂದು ಹೇಳಿ ಹೋದ. ಸುದ್ದಿ ಸಂತೆ ಮುಟ್ಟಲು ಎಷ್ಟು ಹೊತ್ತು? ಸಂಜೆಯೊಳಗೆ ನೀಲವ್ವ ಬಂದು, ಸಾವಕಾರರ ಎದುರು ಚುನಾವಣೆಗೆ ನಿಂತಿದ್ದ ತನ್ನ ಅಣ್ಣನ ಹೆಸರು ಬರೆದಳು. ಅದು ಹನ್ನೊಂದನೆಯದು. ಒಟ್ಟು ಹದಿನಾಲ್ಕು.

ನಾನು ಹಾಳೆಗೆ ಇಳಿಸಲು ಕೂತೆ. ಇಲ್ಲಿ ನನ್ನ ಕೈ ಮಾಡಿದ ಕೆಲಸ ಹೇಳುತ್ತೇನೆ, ಕೇಳಿ. ಸಾವಕಾರರನ್ನು ಆರರಿಂದ ಒಂದಕ್ಕೆ ತಂದೆ. ನೀಲವ್ವನ ಅಣ್ಣನನ್ನು ಬಿಟ್ಟೆ. ಪಾಸ್ಟರ ಬಾಯಿಂದ ಹೆಸರು ಬಂದ ಹಾಗೂ ಆಗಲಿಲ್ಲ, ಬಸಣ್ಣ ಬೇಸರಪಡುವ ಹಾಗೂ ಆಗಲಿಲ್ಲ, ರೂತಕ್ಕನಿಗೆ ದಾರಿ ಸಿಕ್ಕಿತು ಎಂದುಕೊಂಡೆ. ಆಮೇಲೆ ಕ್ರಮಸಂಖ್ಯೆ ಹಾಕಿ ಕೆಳಗೆ ಗೆರೆ ಎಳೆದೆ. ಆ ದಿನದ ಡೈರಿಯಲ್ಲಿ 'ವಿಜ್ಞಾಪನೆ ಹದಿಮೂರು' ಎಂದಿದೆ. ನನ್ನ ಡೈರಿಯಲ್ಲಿರುವ ಮೊದಲ ಸುಳ್ಳು ಎಣಿಕೆ ಅದು.

ರವಿವಾರ ಬಸಣ್ಣ ಹಿಂದಿನ ಬೆಂಚಿನಲ್ಲಿ ಕೂತಿದ್ದ. ರೂತಕ್ಕ ಹಾಳೆ ಬಿಚ್ಚಿ, "ಒಂದು" ಎಂದವರು ಅಲ್ಲೇ ತಡೆದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಹಾಳೆಯನ್ನು ನಾಲ್ಕಾಗಿ ಮಡಿಚಿ ಬೈಬಲ್ಲಿನೊಳಗೆ ಇಟ್ಟರು. ಆಮೇಲೆ ನೆನಪಿನಿಂದಲೇ ಶುರುಮಾಡಿದರು. ಪ್ರತಿ ಶನಿವಾರ ನಾನು ಹಾಳೆ ಬರೆದಿಟ್ಟು ಹೋದ ಮೇಲೆ ಭೂತಗನ್ನಡಿ ಹಿಡಿದು ಅವರು ನೋಟುಬುಕ್ಕನ್ನು ಪೂರ್ತಿ ಓದಿಕೊಳ್ಳುತ್ತಿದ್ದರು ಎಂದು ಆಗ ನನಗೆ ತಿಳಿದಿರಲಿಲ್ಲ. ಒಬ್ಬರ ಮಂಡಿನೋವು, ಒಬ್ಬರ ಎಮ್ಮೆ, ಆರಕ್ಕೆ ಸಾವಕಾರರು, ಹನ್ನೊಂದಕ್ಕೆ ನೀಲವ್ವನ ಅಣ್ಣ. ಅಲ್ಲಿ ಸ್ವಲ್ಪ ತಡೆದು ಕಣ್ಣು ಮುಚ್ಚಿದರು.

"ಕರ್ತನೇ, ಇಬ್ಬರೂ ಗೆಲ್ಲಾಕ ಬರೂದಿಲ್ಲ. ಗೆದ್ದಾವಗ ನಿದ್ದಿ ಕಡಿಮಿ ಮಾಡು, ಸೋತಾವಗ ನಿದ್ದಿ ಕೊಡು. ಹನ್ನೆರ್ಡು."

ಯಾರೋ ಕಿಸಕ್ಕನೆ ನಕ್ಕರು. ಬಸಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಆ ಚಪ್ಪಲಿಯ ಸದ್ದಿನೊಂದಿಗೆ ದಾರಿಯೂ ಹೋಯಿತು ಎಂದು ನನಗೆ ಗೊತ್ತಾಯಿತು.

ಎಲ್ಲರೂ ಹೋದ ಮೇಲೆ, ತಪ್ಪು ಮಾಡಿದವರ ಸಿಟ್ಟಿನಿಂದ ನಾನೇ ಜಗಳ ತೆಗೆದೆ. ನಿಮ್ಮ ಸಲುವಾಗಿಯೇ ಮಾಡಿದ್ದು ಎಂದೆ. ಅವರು ಬೈಯಲಿಲ್ಲ.

"ದವಾಖಾನ್ಯಾಗ ಒಮ್ಮೆ ಯಾರೋ ದೊಡ್ಡೋರು ಬಂದ್ರಂತ ನಾನೂ ಚೀಟಿ ಮುಂದ ಹಿಂದ ಮಾಡಿದ್ದೆ, ತಂಗಿ. ಹಿಂದ ಹಾಕಿದ ಚೀಟಿಯಾಂವ ಹೊರಗ ಕಟ್ಟಿ ಮ್ಯಾಲ ಕುಂತಲ್ಲೇ ಹೋಗಿದ್ದ. ಹೆಸರು ಕರದಾಗ ಏಳಲಿಲ್ಲ."

ಹಾಗಾದರೆ ದಾರಿಯನ್ನು ನೀವೇ ನೋಟುಬುಕ್ಕಿನಲ್ಲಿ ಯಾಕೆ ಬರೆಯುವುದಿಲ್ಲ, ಇಷ್ಟು ವರ್ಷದಲ್ಲಿ ನಿಮ್ಮದು ಒಂದೂ ಇಲ್ಲವಲ್ಲ ಎಂದು ಕೇಳಿದೆ.

"ಹೆಸರು ಕರಿಯಾಕಿ ತನ್ನ ಹೆಸರು ತಾನ ಕರಕೋಬಾರದು" ಎಂದರು.

ಸಾವಕಾರರು ಗೆದ್ದರು. ಗರಸು ಬೀಳಲಿಲ್ಲ. ಆ ಮಳೆಗಾಲದಲ್ಲಿ ಬಸಣ್ಣನ ತಾಯಿಗೆ ಉಸಿರಾಟದ ತೊಂದರೆಯಾದಾಗ ಅವನು ಯಾರಿಗೂ ಹೇಳದೆ ಬಂದು ನೋಟುಬುಕ್ಕಿನಲ್ಲಿ ಬರೆದು ಹೋಗಿದ್ದ. ನಾಲ್ಕನೆಯದು. ರೂತಕ್ಕ ಅದನ್ನು ನಾಲ್ಕನೆಯದಾಗಿಯೇ ಓದಿದರು.

ಇದೆಲ್ಲ ಆಗಿ ಹಲವು ವರ್ಷವಾಯಿತು. ರೂತಕ್ಕನ ಮೊಣಕಾಲು ಈಗ ದೇವಾಲಯದ ಮೆಟ್ಟಿಲು ಹತ್ತುವುದಿಲ್ಲ. ದೀಪಾವಳಿ ರಜೆ ಮುಗಿದ ಮೇಲೆ ಅವರು ನನ್ನನ್ನು ಕರೆದು ಇನ್ನು ಮುಂದೆ ನೀನೇ ಓದು ಎಂದರು. ನೆಲ ತೊಳೆಯುವ ಕೆಲಸವೂ ಜೊತೆಗೇ ಬಂತು. ಮತ್ತೆ ಪುರಸಭೆಯ ಚುನಾವಣೆ ಬಂದಿದೆ, ಈ ಸಲ ಬಸಣ್ಣ ತಾನೇ ನಿಂತಿದ್ದಾನೆ.

ಹೋದ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಹಾನಗಲ್ಲಿಗೆ ಬಂದು (ಬಸ್ಸು ಇಪ್ಪತ್ತು ನಿಮಿಷ ತಡ), ದೇವಾಲಯದಲ್ಲಿ ಫಿನಾಯಿಲ್ ಸುರುವಿ ನಿಂತಿದ್ದೆ. ಬಸಣ್ಣ ಬಂದ. ಗರಸಿನ ಮಾತು ಎತ್ತಲಿಲ್ಲ. ಒದ್ದೆ ನೆಲ ನೋಡಿ ಚಪ್ಪಲಿ ಬಿಟ್ಟು, ಹೆಸರು ಬರೆದು, "ಪಾಳಿ ಎಷ್ಟನೇದ್ರಿ ಮೇಡಂ?" ಎಂದು ಕೇಳಿದ.

"ಒಂಬತ್ತು."

"ಆಗ್ಲಿ" ಎಂದು ಹೋದ.

ಸಂಜೆ ನೋಟುಬುಕ್ಕನ್ನು ಮೊಳೆಯಿಂದ ಬಿಚ್ಚಿಕೊಂಡು ರೂತಕ್ಕನ ಮನೆಗೆ ಹೋಗಿ ಹದಿನೈದನ್ನೂ ಓದಿ ಹೇಳಿದೆ. ಅವರು ಮಂಚದ ಮೇಲೆ ಗೋಡೆಗೆ ಒರಗಿ ಕೂತು ಬೆರಳು ಮಡಿಚುತ್ತ ಕೇಳಿದರು. ಮುಗಿದ ಮೇಲೆ, "ಈಗ ಕರಿಯಾಕಿ ನೀನು. ನಾ ಹೊರಗಿನಾಕಿ. ನಂದೊಂದು ಬರಕೋ" ಎಂದರು.

ಏನು ಬರೆಯಬೇಕೆಂದು ನಾನು ಕೇಳಲಿಲ್ಲ. ನನ್ನ ಪೆನ್ನು ಹಾಳೆಯ ಮೇಲ್ಭಾಗದ ಖಾಲಿ ಜಾಗಕ್ಕೆ ಹೋದದ್ದು ಅವರಿಗೆ ಹೇಗೆ ಕಂಡಿತೋ ತಿಳಿಯದು.

"ಕಡೀಕ" ಎಂದರು.

ಕೊನೆಯಲ್ಲೇ ಬರೆದೆ. ಅಂದು ರಾತ್ರಿ ಡೈರಿಯಲ್ಲಿ ಹದಿನಾರನ್ನೂ ಇಳಿಸಿಕೊಂಡೆ. ಸ್ಕೇಲು ಕೈಯಲ್ಲೇ ಇತ್ತು, ಆದರೆ 'ಆಗಿದ್ದು' ಎಂಬ ಎರಡನೇ ಕಾಲಂ ಎಳೆಯಲಿಲ್ಲ. ಮರುದಿನ ದೇವಾಲಯದಲ್ಲಿ ಎದ್ದು ನಿಂತಾಗ ಬಸಣ್ಣ ಹಿಂದಿನ ಬೆಂಚಿನಲ್ಲಿ ಕೂತದ್ದು ಕಂಡಿತು. ಒಂಬತ್ತು ಬಂದಾಗ ಅವನ ಹೆಸರು ಓದಿದೆ. ಅವನು ಎದ್ದು ಹೋಗಲಿಲ್ಲ. ಹದಿನೈದು ಮುಗಿದ ಮೇಲೆ ಹಾಳೆ ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿಕೊಂಡೇ ಕರೆದೆ.

"ಹದಿನಾರು. ರೂತಕ್ಕ. ಸಮಾಧಿ ಜಾಗದ ದಾರಿ."